ಬಣ್ಣದ ಅಚ್ಚಿನಿಂದ ಬೆಳ್ಳಿತೆರೆಗೆ: ಫಾಲ್ಕೆ ಕಲಿತ ವಿದ್ಯೆ

ದಾದಾಸಾಹೇಬ್ ಫಾಲ್ಕೆ ಎಂದೊಡನೆ ನೆನಪಾಗುವುದು 1913ರ ‘ರಾಜಾ ಹರಿಶ್ಚಂದ್ರ’. ಇಲ್ಲವೇ ವರನಟ ಡಾ. ರಾಜ್‌ಕುಮಾರ್ ಅವರಿಗೂ ಸಂದ, ಅವರ ಹೆಸರಿನ ಪ್ರಶಸ್ತಿ. ಆದರೆ ಚಲನಚಿತ್ರಕ್ಕೆ ಕೈಹಾಕುವ ಮುನ್ನ ಸುಮಾರು ಎರಡು ದಶಕ ಅವರು ಚಿತ್ರಕಲೆ, ಛಾಯಾಗ್ರಹಣ ಹಾಗೂ ಮುದ್ರಣವನ್ನೇ ನಂಬಿ ಬದುಕಿದ್ದರು. ಇಂದು ಗ್ರಾಫಿಕ್ ಡಿಸೈನ್ ಎನ್ನಿಸಿಕೊಳ್ಳುವ ವಿದ್ಯೆಗೆ ಆಗ ಆ ಹೆಸರಿರಲಿಲ್ಲ, ಅಷ್ಟೆ.

ಧುಂಡಿರಾಜ್ ಗೋವಿಂದ ಫಾಲ್ಕೆ ಜನಿಸಿದ್ದು 1870ರ ಏಪ್ರಿಲ್ 30ರಂದು, ನಾಸಿಕ್ ಸಮೀಪದ ತ್ರ್ಯಂಬಕೇಶ್ವರದಲ್ಲಿ. ತಂದೆ ಸಂಸ್ಕೃತ ವಿದ್ವಾಂಸರು. ಮಗ ಮಾತ್ರ ಶಾಸ್ತ್ರಾಧ್ಯಯನದ ಹಾದಿ ಬಿಟ್ಟು 1885ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದರು. ಅಲ್ಲಿಂದ ಬರೋಡಾದ ಕಲಾಭವನಕ್ಕೆ. ಮಹಾರಾಜ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ರಸಾಯನಶಾಸ್ತ್ರಜ್ಞ ಟಿ.ಕೆ. ಗಜ್ಜರ್ ಕಟ್ಟಿದ ಆ ಸಂಸ್ಥೆಯಲ್ಲಿ ಕಲೆಯೂ ಕಸುಬೂ ಒಂದೇ ಸೂರಿನಡಿ ಇದ್ದವು. ತೈಲವರ್ಣ, ಜಲವರ್ಣ, ವಾಸ್ತುಶಿಲ್ಪ, ಛಾಯಾಗ್ರಹಣ ಎಲ್ಲವನ್ನೂ ಫಾಲ್ಕೆ ಅಲ್ಲಿ ಅಭ್ಯಾಸ ಮಾಡಿದರು. ಶಿಷ್ಯನ ಆಸಕ್ತಿ ಕಂಡ ಗಜ್ಜರ್, ಮೂರು ಬಣ್ಣದ ಬ್ಲಾಕ್ ತಯಾರಿಕೆ ಕಲಿಯಲು ಅವರನ್ನು ರತ್ಲಾಮ್‌ಗೆ ಕಳುಹಿಸಿದರು.

ಅದು ಸಾಮಾನ್ಯ ಕೆಲಸವಲ್ಲ. ಒಂದೇ ಚಿತ್ರವನ್ನು ಬೇರೆ ಬೇರೆ ಬಣ್ಣದ ಗಾಜಿನ ಮೂಲಕ ಮೂರು ಬಾರಿ ಕ್ಯಾಮೆರಾದಲ್ಲಿ ಸೆರೆಹಿಡಿಯಬೇಕು. ಹಳದಿ, ಕೆಂಪು, ನೀಲಿಗೆ ಪ್ರತ್ಯೇಕ ಅಚ್ಚು ಮಾಡಬೇಕು. ಬಳಿಕ ಕೂದಲೆಳೆಯಷ್ಟೂ ಸರಿಯದಂತೆ ಒಂದರ ಮೇಲೊಂದು ಮುದ್ರಿಸಬೇಕು. ಕತ್ತಲೆಕೋಣೆಯ ಈ ತಾಳ್ಮೆಯೇ ಮುಂದೆ ಅವರ ಬಂಡವಾಳವಾಯಿತು.

ಇಷ್ಟೆಲ್ಲ ಕಲಿತರೂ ಬದುಕು ನೆಲೆಗೊಳ್ಳಲಿಲ್ಲ. ಗೋಧ್ರಾದಲ್ಲಿ ಸ್ಟುಡಿಯೊ ತೆರೆದರು. ಪ್ಲೇಗ್ ಪತ್ನಿಯನ್ನೂ ಮಗುವನ್ನೂ ಕಸಿದುಕೊಂಡಿತು. 1903ರಲ್ಲಿ ಪುರಾತತ್ವ ಇಲಾಖೆಯ ಕೆಲಸ ದೊರೆಯಿತು. ಅದನ್ನೂ ಬಿಟ್ಟು ಲೋನಾವಳದಲ್ಲಿ ಮುದ್ರಣಾಲಯ ಆರಂಭಿಸಿದರು. ಕನ್ನಡ ನಾಡಿನ ಮನೆಗೋಡೆಗಳಿಗೂ ದೇವರ ಪಟಗಳನ್ನು ಒದಗಿಸಿದ ರವಿವರ್ಮ ಪ್ರೆಸ್‌ಗೆ ಫಾಲ್ಕೆ ಶಿಲಾಮುದ್ರಣದ ಕೆಲಸ ಮಾಡಿಕೊಡುತ್ತಿದ್ದರು. ಬಣ್ಣದ ಮುದ್ರಣ ಯಂತ್ರಕ್ಕಾಗಿ 1909ರಲ್ಲಿ ಜರ್ಮನಿಗೂ ಹೋಗಿಬಂದರು. ಆದರೆ ಪಾಲುದಾರರೊಡನೆ ವಿರಸ ಬೆಳೆಯಿತು. ಹೆಸರು ಮಾಡಿದ್ದ ಮುದ್ರಣಾಲಯವನ್ನು ತೊರೆದಾಗ ಅವರಿಗೆ ನಲವತ್ತು ದಾಟಿತ್ತು; ಕೈಯಲ್ಲಿ ವಿದ್ಯೆಯ ಹೊರತು ಹೆಚ್ಚೇನೂ ಇರಲಿಲ್ಲ.

ಆ ಹೊತ್ತಿನಲ್ಲೇ, 1911ರಲ್ಲಿ, ಮುಂಬಯಿಯಲ್ಲಿ ಕಂಡ ಕ್ರಿಸ್ತನ ಜೀವನದ ಚಿತ್ರ ಅವರ ದಾರಿ ಬದಲಿಸಿತು. ವಿಮಾ ಪಾಲಿಸಿ ಅಡವಿಟ್ಟು 1912ರಲ್ಲಿ ಲಂಡನ್‌ಗೆ ತೆರಳಿ ಕ್ಯಾಮೆರಾ ತಂದರು. ಬಟಾಣಿ ಕಾಳು ಮೊಳೆತು ಗಿಡವಾಗುವುದನ್ನು ಒಂದೊಂದೇ ಚೌಕಟ್ಟಿನಲ್ಲಿ ಚಿತ್ರಿಸಿ ಹಣ ಹಾಕುವವರಿಗೆ ತೋರಿಸಿದರು. ಬ್ಲಾಕ್ ಮಾಡಿ ಪಳಗಿದ ಕೈಗೆ ಈ ಕೆಲಸ ಹೊಸದೆನಿಸಿರಲಾರದು.

‘ರಾಜಾ ಹರಿಶ್ಚಂದ್ರ’ಕ್ಕೆ ಕಥೆ, ನಿರ್ದೇಶನ, ರಂಗಸಜ್ಜಿಕೆ, ಸಂಸ್ಕರಣೆ ಎಲ್ಲದರಲ್ಲೂ ಫಾಲ್ಕೆಯವರದೇ ಕೈ. ಫಿಲ್ಮಿನ ಅಂಚಿಗೆ ರಂಧ್ರ ಕೊರೆದವರು, ಇಡೀ ತಂಡಕ್ಕೆ ಅಡುಗೆ ಮಾಡಿ ಬಡಿಸಿದವರು ಎರಡನೆಯ ಪತ್ನಿ ಸರಸ್ವತಿಬಾಯಿ. ಚರಿತ್ರೆ ಆಕೆಗೆ ಕೊಟ್ಟ ಜಾಗ ಕಡಿಮೆಯೇ. 1913ರ ಮೇ 3ರಂದು ಮುಂಬಯಿಯ ಕಾರೊನೇಷನ್ ಚಿತ್ರಮಂದಿರದಲ್ಲಿ ಚಿತ್ರ ತೆರೆಕಂಡಿತು.

ಮೂಕಿ ಯುಗ ಮುಗಿದ ಮೇಲೆ ಬೇಡಿಕೆ ಕುಗ್ಗಿತು. 1937ರ ‘ಗಂಗಾವತರಣ’ ಅವರ ಕೊನೆಯ ಚಿತ್ರ. 1944ರ ಫೆಬ್ರುವರಿ 16ರಂದು ನಾಸಿಕ್‌ನಲ್ಲಿ ಅವರು ನಿಧನರಾದಾಗ ಚಿತ್ರರಂಗ ಅವರನ್ನು ಬಹುಮಟ್ಟಿಗೆ ಮರೆತಿತ್ತು.