ಗುದ್ದಲಿ ಹಿಡಿದ ಎಂಜಿನಿಯರ್: ಪಿಯರ್ ಸೆರೆಸೋಲ್

ಎಂಟನೇ ತರಗತಿ ವಿಜ್ಞಾನದ ‘ಕೆಲವು ನೈಸರ್ಗಿಕ ವಿದ್ಯಮಾನಗಳು’ ಘಟಕಕ್ಕೆ ಪಾಠ ಯೋಜನೆ ಬರೆಯುವಾಗ, ಭೂಕಂಪದ ಭಾಗಕ್ಕೆ 1934ರ ಬಿಹಾರದ ಉದಾಹರಣೆ ತೆಗೆದುಕೊಂಡಿದ್ದೆ. ಅದರ ಬೆನ್ನು ಹತ್ತಿದಾಗ ಸಿಕ್ಕಿದ ಹೆಸರು ಪಿಯರ್ ಸೆರೆಸೋಲ್. ನಮ್ಮ ಮಕ್ಕಳಿಗೆ ಗೊತ್ತಿಲ್ಲದ, ಆದರೆ ಗೊತ್ತಿರಬೇಕಾದ ಮನುಷ್ಯ ಎಂದು ನನಗನಿಸಿತು.

ಸೆರೆಸೋಲ್ ಹುಟ್ಟಿದ್ದು 1879ರಲ್ಲಿ, ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ. ತಂದೆ 1873ರಲ್ಲಿ ಆ ದೇಶದ ಅಧ್ಯಕ್ಷರಾಗಿದ್ದವರು. ಮಗ ಜ್ಯೂರಿಕ್‌ನ ಪಾಲಿಟೆಕ್ನಿಕ್‌ನಲ್ಲಿ ಎಂಜಿನಿಯರಿಂಗ್ ಓದಿ ಡಾಕ್ಟರೇಟ್ ಪಡೆದರು. ಇನ್ನು ಒಳ್ಳೆಯ ನೌಕರಿ ಹಿಡಿದು ನೆಲೆ ನಿಲ್ಲಬಹುದಿತ್ತು. ಅವರು ಅಮೆರಿಕಕ್ಕೆ ಹೋದರು, ಅಲ್ಲಿಂದ ಹವಾಯಿ, ಆಮೇಲೆ ಜಪಾನ್. ಮೊದಲ ಮಹಾಯುದ್ಧದ ಹೊತ್ತಿಗೆ ಊರಿಗೆ ಮರಳಿ, ಪಿತ್ರಾರ್ಜಿತವಾಗಿ ಬಂದ ಹಣವನ್ನು ಸರ್ಕಾರಕ್ಕೇ ಒಪ್ಪಿಸಿಬಿಟ್ಟರು. ದುಡಿಯದೆ ಬಂದ ಹಣ ತನ್ನದಲ್ಲ ಎಂಬುದು ಅವರ ವಾದ. 1917ರಲ್ಲಿ ಸೈನ್ಯದ ತೆರಿಗೆ ಕಟ್ಟಲು ನಿರಾಕರಿಸಿ ಜೈಲಿಗೂ ಹೋದರು. ತಂದೆ ಆಳಿದ ದೇಶದಲ್ಲೇ ಮಗ ಕೈದಿ!

ಆದರೆ ಬರೀ ‘ಒಲ್ಲೆ’ ಎನ್ನುವುದು ಅವರಿಗೆ ಸಾಕಾಗಲಿಲ್ಲ. ಸೈನಿಕ ಕಷ್ಟಪಡುತ್ತಾನೆ, ಶಿಸ್ತಿನಿಂದ ಇರುತ್ತಾನೆ. ಯುದ್ಧ ಬೇಡ ಎನ್ನುವವನೂ ಅಷ್ಟೇ ಬೆವರು ಸುರಿಸಬೇಕಲ್ಲವೇ? ಈ ಯೋಚನೆಯಿಂದಲೇ 1920ರ ಚಳಿಗಾಲದಲ್ಲಿ ಫ್ರಾನ್ಸಿನ ವರ್ಡನ್ ಬಳಿಯ ಎಸ್ನ್ ಎಂಬ ಹಳ್ಳಿಗೆ ಒಂದು ಸಣ್ಣ ತಂಡ ಹೋಯಿತು. ಆ ಊರು ಯುದ್ಧದಲ್ಲಿ ನೆಲಸಮವಾಗಿತ್ತು. ತಂಡದವರು ಮನೆಯಿಲ್ಲದವರಿಗೆ ಮರದ ಮನೆಗಳನ್ನು ಎಬ್ಬಿಸಿದರು, ರಸ್ತೆ ಸರಿಪಡಿಸಿದರು, ಶೆಲ್ ಬಿದ್ದ ಗುಂಡಿಗಳನ್ನು ಮುಚ್ಚಿದರು. ಆ ತಂಡದಲ್ಲಿ ಜರ್ಮನರೂ ಇದ್ದರು. ಗಾಯ ಇನ್ನೂ ಹಸಿಯಾಗಿತ್ತು. ಸ್ಥಳೀಯ ಆಡಳಿತಕ್ಕೆ ಅವರು ಬೇಡವಾದರು. ಸುಮಾರು ಐದು ತಿಂಗಳಿಗೇ ಕೆಲಸ ನಿಂತಿತು. ಇದನ್ನು ಸೋಲು ಎನ್ನಬೇಕೋ ಏನೋ, ನನಗಂತೂ ಆ ಊರಿನವರ ಮೇಲೆ ಸಿಟ್ಟು ಬರುವುದಿಲ್ಲ. ಮಗನನ್ನು ಕಳೆದುಕೊಂಡ ತಾಯಿಗೆ ಎರಡೇ ವರ್ಷದಲ್ಲಿ ಎಲ್ಲವನ್ನೂ ಮರೆ ಎಂದರೆ ಹೇಗೆ?

ಈ ಪ್ರಯತ್ನವೇ ಮುಂದೆ ‘ಸರ್ವೀಸ್ ಸಿವಿಲ್ ಇಂಟರ್‌ನ್ಯಾಷನಲ್’ ಎಂಬ ಸಂಸ್ಥೆಯಾಯಿತು. ಪ್ರವಾಹಕ್ಕೆ ಸಿಕ್ಕಿದ್ದ ಲಿಕ್ಟೆನ್‌ಸ್ಟೈನ್‌ಗೆ 1928ರಲ್ಲಿ ಹಲವು ದೇಶಗಳ ನೂರಾರು ಜನ ಬಂದು ಹೊಲಗಳಲ್ಲಿ ತುಂಬಿದ್ದ ಕಲ್ಲುಮಣ್ಣು ತೆಗೆದರು. ಅಷ್ಟರಲ್ಲಿ ಸೆರೆಸೋಲ್ ತಮ್ಮ ದೇಶದ ಲಾ ಶೋ ದ ಫೋನ್ ಎಂಬ ಊರಿನಲ್ಲಿ ಶಿಕ್ಷಕರಾಗಿದ್ದರು.

1934ರ ಜನವರಿ 15ರ ಮಧ್ಯಾಹ್ನ ಬಿಹಾರ, ನೇಪಾಳಗಳಲ್ಲಿ ನೆಲ ನಡುಗಿತು. ಸತ್ತವರು ಹತ್ತು ಸಾವಿರಕ್ಕೂ ಹೆಚ್ಚು. ಉತ್ತರ ಬಿಹಾರದಲ್ಲಿ ನೆಲ ಬಿರಿದು ಮರಳು, ನೀರು ಉಕ್ಕಿ ಹೊಲ, ಬಾವಿಗಳನ್ನು ತುಂಬಿದವು. ಇದನ್ನು ತರಗತಿಯಲ್ಲಿ ತೋರಿಸುವುದು ಸುಲಭ: ಒಂದು ಬೇಸಿನ್‌ನಲ್ಲಿ ನೀರು ಕುಡಿದ ಮರಳು ಹಾಕಿ, ಮೇಲೆ ಇಟ್ಟಿಗೆ ಚೂರು ಇಟ್ಟು, ಬದಿಯನ್ನು ತಟ್ಟುತ್ತಾ ಹೋಗಿ. ಮರಳಿನ ಕಣಗಳ ಹಿಡಿತ ಸಡಿಲಾಗಿ ನೀರು ಮೇಲೆ ಬರುತ್ತದೆ, ಇಟ್ಟಿಗೆ ಕುಸಿಯುತ್ತದೆ. ನಮ್ಮ ಹುಡುಗರು ಇದನ್ನು ಮೂರು ಸಲ ಮಾಡಿಸಿದರು. ಹಾಗಾದರೆ ಆ ಊರಿನವರು ಮತ್ತೆ ಅಲ್ಲೇ ಮನೆ ಕಟ್ಟಿದರಾ ಸಾರ್ ಎಂದು ಹಿಂದಿನ ಬೆಂಚಿನ ಒಬ್ಬ ಕೇಳಿದ. ಪಾಠ ಸೆರೆಸೋಲ್ ಕಡೆ ತಿರುಗಿದ್ದು ಅಲ್ಲಿಂದ.

ಭೂಕಂಪದ ನಂತರ ಪ್ರವಾಹದ ಭಯ ಹೆಚ್ಚಿತ್ತು. ಐವತ್ನಾಲ್ಕು ವರ್ಷದ ಸೆರೆಸೋಲ್ ಹಡಗು ಹತ್ತಿ ಬಂದರು. ಗಾಂಧೀಜಿಯವರನ್ನು ಕಂಡರು, ಭೂಕಂಪವಾದ ಮೇಲಷ್ಟೇ ಜೈಲಿನಿಂದ ಹೊರಬಂದು ಪರಿಹಾರ ಕಾರ್ಯ ನಡೆಸುತ್ತಿದ್ದ ರಾಜೇಂದ್ರ ಪ್ರಸಾದರನ್ನು ಕಂಡರು, ಬ್ರಿಟಿಷ್ ಅಧಿಕಾರಿಗಳನ್ನೂ ಕಂಡರು. ಮುಜಫರ್‌ಪುರ ಜಿಲ್ಲೆಯಲ್ಲಿ ಮುಳುಗುವ ತಗ್ಗಿನಲ್ಲಿದ್ದ ಊರುಗಳನ್ನು ಬೇರೆ ಜಾಗಕ್ಕೆ ಸಾಗಿಸಿ ಕುಟುಂಬಗಳಿಗೆ ಮನೆ ಕಟ್ಟುವ ಕೆಲಸಕ್ಕೆ ಇಳಿದರು. ಹೀಗೆ ಎದ್ದ ಊರಿಗೆ ಶಾಂತಿಪುರ ಎಂದು ಹೆಸರಾಯಿತು. ಯುರೋಪಿನಿಂದ ಅವರ ಜೊತೆ ಬಂದವರು ಬೆರಳೆಣಿಕೆಯಷ್ಟು ಜನ. 1937ರವರೆಗೆ ಮೂರು ಸಲ ಭಾರತಕ್ಕೆ ಬಂದು ಹೋದರು.

ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ನಮ್ಮ ಬ್ಯಾಚಿನ ಗೆಳತಿಯೊಬ್ಬಳು ಒಪ್ಪಲಿಲ್ಲ. ಬಿಹಾರದಲ್ಲಿ ಕೂಲಿಯವರಿಗೇನು ಬರವೇ, ಹಡಗಿನ ಖರ್ಚಿನಲ್ಲಿ ಇನ್ನೂ ನಾಲ್ಕು ಮನೆ ಏಳುತ್ತಿದ್ದವು ಎಂದಳು. ಲೆಕ್ಕ ಸರಿಯೇ. ಮಣ್ಣು ಹೊರುವುದರಲ್ಲಿ ಬಿಹಾರದ ರೈತನ ಮುಂದೆ ಸ್ವಿಸ್ ಮೇಷ್ಟ್ರು ಯಾವ ಮೂಲೆಗೆ? ಆದರೆ ಆ ಕಾಲದಲ್ಲಿ ಸರ್ಕಾರಿ ಅಧಿಕಾರಿ ಮತ್ತು ಕಾಂಗ್ರೆಸ್ ಕಾರ್ಯಕರ್ತ ಒಂದೇ ಕೆಲಸಕ್ಕೆ ಕೈ ಹಾಕುವುದು ಸುಲಭವಿರಲಿಲ್ಲ. ಎರಡೂ ಕಡೆಗೆ ಸೇರದ, ಮೈತುಂಬ ಮಣ್ಣು ಮೆತ್ತಿಕೊಂಡ ಹೊರಗಿನವನೊಬ್ಬ ಇಬ್ಬರೊಡನೆಯೂ ಮಾತಾಡಬಲ್ಲವನಾಗಿದ್ದ. ನನ್ನ ಮಟ್ಟಿಗೆ ಅವರು ಬಂದ ಪ್ರಯೋಜನ ಅದು. ಗೆಳತಿ ಇನ್ನೂ ಪೂರ್ತಿ ಒಪ್ಪಿಲ್ಲ. ಈ ಚರ್ಚೆಯನ್ನು ಒಂಬತ್ತನೇ ತರಗತಿಯ ಮಕ್ಕಳಿಗೇ ಬಿಡಬಹುದು, ಎರಡು ಗುಂಪು ಮಾಡಿ.

ಎರಡನೇ ಮಹಾಯುದ್ಧದಲ್ಲಿ ಅವರು ಅನುಮತಿಯಿಲ್ಲದೆ ಗಡಿ ದಾಟಿ ಹಿಟ್ಲರನ ಜರ್ಮನಿಗೆ ಹೋದರು. ಶಾಂತಿಯ ಮಾತನ್ನು ಅಲ್ಲಿನವರಿಗೇ ಹೇಳಬೇಕೆಂಬ ಹಠ. ಅದಕ್ಕೂ ಜೈಲು ಕಂಡರು. 1945ರ ಅಕ್ಟೋಬರ್ 23ರಂದು ಲೋಸಾನ್ ಹತ್ತಿರ ತೀರಿಕೊಂಡರು. ಯುರೋಪಿನ ಯುದ್ಧ ಮೇ ತಿಂಗಳಲ್ಲಿ ಮುಗಿದಿತ್ತು.