ಸರ್ಕಾರದ ವಕೀಲರು: ಶ್ರೀ ಸಿ. ಕೆ. ದಫ್ತರಿ

ಕಳೆದ ವರ್ಷ ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ, ರಾಷ್ಟ್ರದ್ರೋಹದ ಆಪಾದನೆಗೆ ಗುರಿಯಾದವರಿಗೆ ವಕೀಲರ ನೆರವೂ ದೀರ್ಘ ವಿಚಾರಣೆಯೂ ಅವಶ್ಯವೇ ಎಂಬ ವಿಷಯವನ್ನು ಇಟ್ಟಿದ್ದರು. ನಾನು ಅವಶ್ಯವಿಲ್ಲವೆಂಬ ಪಕ್ಷವನ್ನು ವಹಿಸಿ ಮಾತನಾಡಿದೆ. ದೇಶದ ಮೇಲೆ ಕೈಮಾಡಿದವನಿಗೆ ಇಷ್ಟೊಂದು ಸಾವಕಾಶವೇಕೆ, ಮಾಡಿದ್ದು ಎಲ್ಲರ ಕಣ್ಣಿಗೂ ಕಾಣುತ್ತಿರುವಾಗ ಸಾಕ್ಷಿಗಳೇಕೆ ಎಂದು ಏರುದನಿಯಲ್ಲಿ ಕೇಳಿದೆ. ಚಪ್ಪಾಳೆ ಬಿತ್ತು, ಎರಡನೆಯ ಬಹುಮಾನವೂ ಬಂತು.

ಸಭೆ ಮುಗಿದ ಮೇಲೆ ಇತಿಹಾಸದ ಅಧ್ಯಾಪಕರು ನನ್ನನ್ನು ಹತ್ತಿರ ಕರೆದು ಎರಡೇ ಪ್ರಶ್ನೆ ಕೇಳಿದರು. ಮಹಾತ್ಮರ ಕೊಲೆಯ ವಿಚಾರಣೆ ಎಷ್ಟು ಕಾಲ ನಡೆಯಿತು? ಸರ್ಕಾರದ ಪರವಾಗಿ ವಾದಿಸಿದವರು ಯಾರು? ನನಗೆ ಎರಡೂ ತಿಳಿದಿರಲಿಲ್ಲ. ವಿದ್ಯಾರ್ಥಿನಿಲಯದ ನಮ್ಮ ಕೋಣೆಯಲ್ಲಿ ಚನ್ನಗಿರಿಯವರೊಬ್ಬರು, ಹೊನ್ನಾಳಿಯವರೊಬ್ಬರು, ಜಗಳೂರಿನವರೊಬ್ಬರು. ನಾನು ನ್ಯಾಮತಿಯ ಕಡೆಯವನು. ಆ ರಾತ್ರಿ ಅವರನ್ನೂ ಕೇಳಿ ನೋಡಿದೆ. ಕೊಂದವನ ಹೆಸರು ನಾಲ್ವರಿಗೂ ಗೊತ್ತಿತ್ತು. ನ್ಯಾಯಾಲಯದಲ್ಲಿ ದೇಶದ ಪರ ನಿಂತವರ ಹೆಸರು ಒಬ್ಬರಿಗೂ ಗೊತ್ತಿರಲಿಲ್ಲ. ಆ ನಾಚಿಕೆಯೇ ಈ ಲೇಖನಕ್ಕೆ ಕಾರಣ.

ಆ ಮಹನೀಯರ ಹೆಸರು ಚಂದರ್ ಕಿಶನ್ ದಫ್ತರಿ. ಹುಟ್ಟಿದ್ದು 1893ರ ಏಪ್ರಿಲ್ 1ರಂದು. ಮುಂಬಯಿ ಹೈಕೋರ್ಟಿನಲ್ಲಿ ವಕೀಲಿ ವೃತ್ತಿ ನಡೆಸಿ ಹೆಸರು ಗಳಿಸಿದರು. ಅವರ ವಾದ ಚುಟುಕು, ಹಾಸ್ಯ ಮೊನಚು ಎಂದು ವಕೀಲ ವೃಂದದಲ್ಲಿ ಪ್ರತೀತಿಯಿತ್ತು. ಮುಂದೆ ಮುಂಬಯಿ ಪ್ರಾಂತದ ಅಡ್ವೊಕೇಟ್ ಜನರಲ್ ಆದರು. ಆ ಹುದ್ದೆಯಲ್ಲಿದ್ದಾಗಲೇ, ತಮ್ಮ ಐವತ್ತೈದನೆಯ ವಯಸ್ಸಿನಲ್ಲಿ, ಸ್ವತಂತ್ರ ಭಾರತದ ಅತ್ಯಂತ ಭಾರವಾದ ಮೊಕದ್ದಮೆ ಅವರ ಹೆಗಲಿಗೆ ಬಂತು.

1948ರ ಜನವರಿ 30ರ ಸಂಜೆ ದೆಹಲಿಯ ಬಿರ್ಲಾ ಭವನದಲ್ಲಿ ಗಾಂಧೀಜಿ ಪ್ರಾರ್ಥನೆಗೆ ಹೋಗುತ್ತಿದ್ದಾಗ ನಾಥೂರಾಮ ಗೋಡ್ಸೆ ಗುಂಡು ಹಾರಿಸಿದನು. ಸುತ್ತ ನೂರಾರು ಜನರಿದ್ದರು; ಕೊಂದವನು ಸ್ಥಳದಲ್ಲಿಯೇ ಸಿಕ್ಕಿದನು. ನನ್ನ ಚರ್ಚೆಯ ತರ್ಕದಂತಾದರೆ ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸರ್ಕಾರ ವಿಶೇಷ ನ್ಯಾಯಾಲಯವೊಂದನ್ನು ಏರ್ಪಡಿಸಿತು. ಐ.ಸಿ.ಎಸ್. ಅಧಿಕಾರಿ ಆತ್ಮಚರಣರು ನ್ಯಾಯಾಧೀಶರು. ಸ್ಥಳ ದೆಹಲಿಯ ಕೆಂಪುಕೋಟೆ. 1858ರಲ್ಲಿ ಮುದುಕ ಬಹದ್ದೂರ್ ಶಾಹನನ್ನೂ 1945ರಲ್ಲಿ ಆಜಾದ್ ಹಿಂದ್ ಫೌಜಿನ ಅಧಿಕಾರಿಗಳನ್ನೂ ಆಂಗ್ಲರು ವಿಚಾರಣೆ ಮಾಡಿದ್ದು ಇದೇ ಕೋಟೆಯಲ್ಲಿ. ಅಂದು ಆಳುವವರು ಆಳಿಸಿಕೊಳ್ಳುವವರನ್ನು ವಿಚಾರಿಸಿದ್ದರು. ಈಗ ಸ್ವತಂತ್ರ ರಾಷ್ಟ್ರವೊಂದು ತನ್ನವರನ್ನೇ ವಿಚಾರಿಸಬೇಕಾಗಿತ್ತು.

ದಫ್ತರಿಯವರ ಕೈಕೆಳಗೆ ಪೇಟಿಗಾರ, ವ್ಯವಹಾರಕರ, ಜೆ. ಸಿ. ಶಾ ಮೊದಲಾದ ವಕೀಲರ ತಂಡವಿತ್ತು. ಗುಂಡು ಹಾರಿಸಿದವನಾರೆಂಬುದು ಇವರಿಗೆ ಸಮಸ್ಯೆಯಾಗಿರಲಿಲ್ಲ. ಒಳಸಂಚನ್ನು ರುಜುವಾತು ಮಾಡುವುದೇ ನಿಜವಾದ ಕಷ್ಟ. ಇದು ತಾನೊಬ್ಬನೇ ಮಾಡಿದ ಕೃತ್ಯ, ಬೇರೆಯವರಿಗೆ ಸಂಬಂಧವಿಲ್ಲ ಎಂಬುದು ನಾಥೂರಾಮನ ನಿಲುವು. ಅದು ಸುಳ್ಳೆಂದು ತೋರಿಸಬೇಕಾದರೆ ಪುಣೆ, ಮುಂಬಯಿ, ಅಹಮದ್‌ನಗರ, ಗ್ವಾಲಿಯರ್, ದೆಹಲಿ, ಈ ಊರುಗಳಲ್ಲಿ ನಡೆದ ಸಣ್ಣ ಸಣ್ಣ ಸಂಗತಿಗಳನ್ನು ಒಂದೇ ದಾರಕ್ಕೆ ಪೋಣಿಸಬೇಕಾಗಿತ್ತು.

ಆ ಸಂಗತಿಗಳು ಎಷ್ಟು ಸಣ್ಣವೆಂಬುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ನಾಥೂರಾಮನು ಜನವರಿ ತಿಂಗಳ ಮಧ್ಯದಲ್ಲಿ ತನ್ನ ಜೀವವಿಮೆಯ ಹಣವನ್ನು ಆಪ್ಟೆಯ ಮತ್ತು ತನ್ನ ತಮ್ಮ ಗೋಪಾಲನ ಹೆಂಡಂದಿರ ಹೆಸರಿಗೆ ಬರೆದಿದ್ದನು. ಅವನೂ ಆಪ್ಟೆಯೂ ಸುಳ್ಳು ಹೆಸರುಗಳಲ್ಲಿ ವಿಮಾನದ ಟಿಕೀಟು ಕೊಂಡಿದ್ದರು. ದೆಹಲಿಯ ಮರೀನಾ ಹೋಟೆಲಿನ ಪುಸ್ತಕದಲ್ಲಿ ದೇಶಪಾಂಡೆಗಳಾಗಿದ್ದರು. ಆದರೆ ಅಲ್ಲಿ ಒಗೆಯಲು ಕೊಟ್ಟ ಬಟ್ಟೆಯ ಮೇಲೆ ನಾಥೂರಾಮನ ನಿಜವಾದ ಹೆಸರಿನ ಮೊದಲಕ್ಷರಗಳಿದ್ದವು. ಜನವರಿ 20ರಂದು ಅದೇ ಬಿರ್ಲಾ ಭವನದಲ್ಲಿ ಸಿಡಿಮದ್ದು ಸಿಡಿಸಿ ಮದನಲಾಲ್ ಸಿಕ್ಕಿಬಿದ್ದಿದ್ದನು. ಹೋಟೆಲಿನ ನೌಕರರು, ಟ್ಯಾಕ್ಸಿ ನಡೆಸುವವರು ಮುಂತಾದ ಸಾಮಾನ್ಯ ಜನರು ಬಂದು ಕಂಡದ್ದನ್ನು ಹೇಳಿದರು. ಜೂನ್ 24ರಿಂದ ನವೆಂಬರ್ 6ರವರೆಗೆ ದಫ್ತರಿಯವರ ತಂಡ ವಿಚಾರಣೆಗೆ ತಂದ ಸಾಕ್ಷಿಗಳು 149 ಮಂದಿ. ಸಾಕ್ಷಿಗಳನ್ನು ಆಪಾದಿತರ ವಕೀಲರು ಪಾಟೀ ಸವಾಲಿಗೆ ಗುರಿಪಡಿಸಿದರು.

ಇಲ್ಲೊಂದು ಸೂಕ್ಷ್ಮವಿದೆ. ಸಂಚಿನ ಒಳಗಿನ ಕಥೆಯನ್ನು ಹೇಳಬಲ್ಲವನು ಸಂಚಿನಲ್ಲಿದ್ದವನೇ. ದಿಗಂಬರ ಬಾಡ್ಗೆ ಎಂಬ ಆಪಾದಿತನಿಗೆ ಕ್ಷಮೆ ದೊರೆತು ಅವನು ಮಾಫಿ ಸಾಕ್ಷಿಯಾದನು. ಆದರೆ ತನ್ನ ತಲೆ ಉಳಿಸಿಕೊಳ್ಳಲು ಬಂದವನ ಮಾತನ್ನು ನೆಚ್ಚಿ ಮತ್ತೊಬ್ಬನನ್ನು ಶಿಕ್ಷಿಸುವುದು ಹೇಗೆ? ಅವನ ಮಾತಿಗೆ ಬೇರೆ ಕಡೆಯಿಂದ ಆಧಾರ ಸಿಗಬೇಕೆಂಬುದು ನ್ಯಾಯಾಲಯಗಳು ಪಾಲಿಸಿಕೊಂಡು ಬಂದ ಎಚ್ಚರಿಕೆ. ಆ ಎಚ್ಚರಿಕೆಯನ್ನು ದೇಶದ ದುಃಖವೂ ಸಡಿಲಿಸಲಿಲ್ಲ.

1949ರ ಫೆಬ್ರವರಿ 10ರಂದು ತೀರ್ಪು ಬಂತು. ಎಂಟು ಮಂದಿಯಲ್ಲಿ ನಾಥೂರಾಮನಿಗೂ ಆಪ್ಟೆಗೂ ಮರಣದಂಡನೆ. ಐವರಿಗೆ ಜೀವಾವಧಿ ಶಿಕ್ಷೆ. ಸಾವರ್ಕರರ ವಿಷಯದಲ್ಲಿ ಮಾಫಿ ಸಾಕ್ಷಿಯ ಮಾತಿನ ಹೊರತು ಸಾಕಷ್ಟು ಆಧಾರವಿಲ್ಲವೆಂದು ನ್ಯಾಯಾಧೀಶರು ಅವರನ್ನು ಬಿಡುಗಡೆ ಮಾಡಿದರು. ಅದರ ಮೇಲೆ ಸರ್ಕಾರ ಮೇಲ್ಮನವಿಗೆ ಹೋಗಲಿಲ್ಲ. ಮೇಲ್ಮನವಿಗೆ ಹೋದವರು ಶಿಕ್ಷೆ ಹೊಂದಿದವರು. ಅದನ್ನು ಶಿಮ್ಲಾದಲ್ಲಿ ಪಂಜಾಬ್ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳು ಕೇಳಿದರು. ಅಲ್ಲಿಯೂ ಸರ್ಕಾರದ ಪರ ನಿಂತವರು ದಫ್ತರಿಯವರೇ. ಜೂನ್ ತಿಂಗಳಲ್ಲಿ ಇನ್ನಿಬ್ಬರು ಬಿಡುಗಡೆಯಾದರು. ಒಬ್ಬರು ಗ್ವಾಲಿಯರಿನ ವೈದ್ಯ ಪರಚುರೆ. ಇನ್ನೊಬ್ಬನು ಬಾಡ್ಗೆಯ ಆಳು ಶಂಕರ ಕಿಷ್ಟಯ್ಯ. ಈ ಶಂಕರನಿಗೆ ತಿಳಿಯಲೆಂದು ಕೆಂಪುಕೋಟೆಯ ಕಲಾಪವನ್ನು ತೆಲುಗಿನಲ್ಲಿ ಹೇಳುವ ಏರ್ಪಾಡಿತ್ತು. ಯಜಮಾನನು ಕ್ಷಮೆ ಪಡೆದು ಹೊರಬಂದನು. ಹೇಳಿದ ಕೆಲಸ ಮಾಡಿದ ಆಳು ಜೀವಾವಧಿ ಶಿಕ್ಷೆಗೆ ಗುರಿಯಾದನು. ಮೇಲಿನ ನ್ಯಾಯಾಲಯವಿಲ್ಲದಿದ್ದರೆ ಆ ಬಡವನ ಗತಿಯೇನಾಗುತ್ತಿತ್ತೆಂದು ಯೋಚಿಸಿದಾಗ ನನ್ನ ಚರ್ಚೆಯ ಮಾತುಗಳು ನನ್ನನ್ನೇ ಚುಚ್ಚಿದವು.

ರಜೆಯಲ್ಲಿ ಊರಿಗೆ ಹೋದಾಗ ಇದನ್ನೆಲ್ಲ ಅಜ್ಜನಿಗೆ ಹೇಳಿದೆ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು ಈಸೂರಿನ ಮಾತೆತ್ತಿದರು. ಈಸೂರು ನಮ್ಮ ಪಕ್ಕದ ಶಿಕಾರಿಪುರ ತಾಲ್ಲೂಕಿನದು. 1942ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಜನ ಸ್ವತಂತ್ರರೆಂದು ಸಾರಿಕೊಂಡಾಗ ನಡೆದ ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಸಬ್‌ಇನ್‌ಸ್ಪೆಕ್ಟರರೂ ಸತ್ತರು. 1943ರ ಮಾರ್ಚ್ ತಿಂಗಳಲ್ಲಿ ಐವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಅಲ್ಲಿ ವಿಚಾರಣೆ ನಡೆಯದೆ ಇರಲಿಲ್ಲ; ಆದರೆ ಘಟನೆಯಿಂದ ನೇಣಿನವರೆಗೆ ಆರು ತಿಂಗಳೂ ತುಂಬಲಿಲ್ಲ. ಗಾಂಧೀಜಿಯನ್ನು ಕೊಂದವರಿಗೆ ಅಂಬಾಲಾದಲ್ಲಿ ಗಲ್ಲಾದದ್ದು 1949ರ ನವೆಂಬರ್ 15ರಂದು, ಇಪ್ಪತ್ತೊಂದು ತಿಂಗಳು ಕಳೆದ ಮೇಲೆ. ಅಂದಿನ ಸರ್ಕಾರದ ದೃಷ್ಟಿಯಲ್ಲಿ ಈಸೂರಿನವರೂ ರಾಜದ್ರೋಹಿಗಳೇ ಆಗಿದ್ದರೆಂದು ಅಜ್ಜ ನೆನಪಿಸಿದರು. ಇಂದು ನಾವು ಅವರನ್ನು ಹುತಾತ್ಮರೆನ್ನುತ್ತೇವೆ. ದ್ರೋಹಿಯೆಂಬ ಹೆಸರನ್ನು ಕೊಡುವುದು ಸುಲಭ. ಅದನ್ನು ರುಜುವಾತು ಮಾಡುವುದು ಕಷ್ಟ. ಆ ಕಷ್ಟವನ್ನು ಸರ್ಕಾರ ತಪ್ಪಿಸಿಕೊಳ್ಳಬಾರದೆಂಬುದು ನನಗೆ ಅಂದು ಮನವರಿಕೆಯಾಯಿತು.

ದಫ್ತರಿಯವರ ಮುಂದಿನ ಜೀವನವೂ ಸರ್ಕಾರದ ವಕೀಲಿಯಲ್ಲಿಯೇ ಬಹುಪಾಲು ಕಳೆಯಿತು. 1950ರಲ್ಲಿ ಗಣರಾಜ್ಯದ ಮೊದಲ ಸಾಲಿಸಿಟರ್ ಜನರಲ್ ಆಗಿ ಹದಿಮೂರು ವರ್ಷ ದುಡಿದರು. 1963ರಲ್ಲಿ ಸೆತಲ್ವಾಡರ ತರುವಾಯ ಅಟಾರ್ನಿ ಜನರಲ್ ಆಗಿ 1968ರವರೆಗೆ ಇದ್ದರು. ಅದು ಚೀನಾ ಯುದ್ಧದ ನಿಮಿತ್ತ ಸಾರಿದ ತುರ್ತುಪರಿಸ್ಥಿತಿಯ ಕಾಲ. ಭಾರತ ರಕ್ಷಣಾ ಕಾನೂನಿನ ಕೆಳಗೆ ಅನೇಕರು ಬಂಧನದಲ್ಲಿದ್ದರು. 1967ರಲ್ಲಿ ಪದ್ಮವಿಭೂಷಣ ಬಂತು. 1972ರಿಂದ 1978ರವರೆಗೆ ರಾಜ್ಯಸಭೆಯ ನಾಮಕರಣ ಸದಸ್ಯರಾಗಿದ್ದರು. ಕೆಂಪುಕೋಟೆಯಲ್ಲಿ ಅವರ ಸಹಾಯಕರಾಗಿದ್ದ ಜೆ. ಸಿ. ಶಾ ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಗಳಾದರು. ಶಾ ಅವರ ಮೇಲೆ ಕರಪತ್ರವೊಂದು ಕೆಸರೆರಚಿದಾಗ, ಎಪ್ಪತ್ತು ದಾಟಿದ ದಫ್ತರಿಯವರು ಸುಪ್ರೀಂ ಕೋರ್ಟಿನ ಮುಂದೆ ನ್ಯಾಯಾಂಗ ನಿಂದನೆಯ ಅರ್ಜಿ ತಂದವರಲ್ಲಿ ಮೊದಲಿಗರು. 1975ರ ತುರ್ತುಪರಿಸ್ಥಿತಿಯಲ್ಲಿ ಅಧಿಕಾರ ಹೇಗೆ ದುರುಪಯೋಗವಾಯಿತೆಂಬುದನ್ನು 1977ರಲ್ಲಿ ವಿಚಾರಿಸಿದ ಆಯೋಗದ ಅಧ್ಯಕ್ಷರೂ ಇದೇ ಶಾ ಅವರೇ. ಸರ್ಕಾರದ ಪರ ವಾದಿಸಿದವರೇ ಮುಂದೊಂದು ದಿನ ಸರ್ಕಾರದ ತಪ್ಪನ್ನು ಅಳೆಯಬಲ್ಲವರಾದರು.

1983ರ ಫೆಬ್ರವರಿ 18ರಂದು ದಫ್ತರಿಯವರು ತೀರಿಕೊಂಡರು. ಆಗ ಅವರಿಗೆ ತೊಂಬತ್ತು ತುಂಬಲು ಕೆಲವೇ ವಾರ ಉಳಿದಿದ್ದವು.

ಮಿತ್ರರೇ, ಗಾಂಧೀಜಿ 1934ರಲ್ಲಿ ನಮ್ಮ ದಾವಣಗೆರೆಗೂ ಬಂದಿದ್ದರು. ಅವರನ್ನು ಕಣ್ಣಾರೆ ಕಂಡ ಹಿರಿಯರು ನಮ್ಮ ತಾಲ್ಲೂಕುಗಳಲ್ಲಿಯೂ ಇದ್ದರು. ಅಂಥವರ ಸಾವಿನಿಂದ ಹುಟ್ಟಿದ ಸಿಟ್ಟು ಸಾಮಾನ್ಯವಾದುದಲ್ಲ. ಆ ಸಿಟ್ಟನ್ನು ಹೊರಗೇ ನಿಲ್ಲಿಸಿ, ಒಗೆದ ಬಟ್ಟೆಯ ಮೇಲಿನ ಅಕ್ಷರದಂಥ ಆಧಾರಗಳನ್ನು ಹಿಡಿದು ಒಳಗೆ ಹೋದವರು ದಫ್ತರಿಯವರು. ಬಿಡುಗಡೆಯಾದವರು ಮೂವರು; ಅದರಿಂದ ಅವರ ಕೆಲಸಕ್ಕೆ ಕುಂದು ಬಂತೆಂದು ನಾನು ಭಾವಿಸುವುದಿಲ್ಲ. ಬಿಡುಗಡೆಗೆ ಅವಕಾಶವಿದ್ದ ವಿಚಾರಣೆಯಾದ್ದರಿಂದಲೇ ಅಲ್ಲಿ ಆದ ಶಿಕ್ಷೆಗೆ ಬೆಲೆ ಬಂತು.

ಈ ವರ್ಷವೂ ಚರ್ಚಾಕೂಟ ನಡೆಯಲಿದೆ. ಅದೇ ವಿಷಯವನ್ನು ಇಡಬೇಕೆಂದು ಕಾರ್ಯದರ್ಶಿಗಳಲ್ಲಿ ಕೇಳಿಕೊಂಡಿದ್ದೇನೆ. ಇಟ್ಟರೆ ನಾನು ಎದುರು ಪಕ್ಷದಲ್ಲಿ ನಿಲ್ಲುತ್ತೇನೆ. ಬಹುಮಾನ ಬಾರದಿದ್ದರೂ ಚಿಂತೆಯಿಲ್ಲ.