ಕುರ್ಚಿ ಬಿಟ್ಟ ನ್ಯಾಯಮೂರ್ತಿ: ಕೆ.ಎಸ್. ಹೆಗ್ಡೆ

ಕಬಡ್ಡಿಯಲ್ಲಿ ಗೆದ್ದ ತಂಡದವರೇ ನಿಯಮ ಬದಲಿಸ್ತಾ ಹೋದ್ರೆ ಆಟ ನಡೀತದೇನು? ಹಾಗಾದರೆ ಚುನಾವಣೆ ಗೆದ್ದವರು ಸಂವಿಧಾನವನ್ನು ಬೇಕಾದಂಗೆ ಬದಲಿಸಬಹುದೇ? ಈ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ನಮ್ಮ ಕರ್ನಾಟಕದ ಕೆ.ಎಸ್. ಹೆಗ್ಡೆ ಒಬ್ಬರು.

ಇವರು 1909ರಲ್ಲಿ ಕಾರ್ಕಳ ತಾಲೂಕಿನ ಕೌಡೂರಿನಲ್ಲಿ ಜನಿಸಿದರು. ವಕೀಲರಾಗಿದ್ದ ಇವರು 1952ರಲ್ಲಿ ರಾಜ್ಯಸಭೆ ಸದಸ್ಯರಾದರು. 1957ರಲ್ಲಿ ಮೈಸೂರು ಹೈಕೋರ್ಟಿನ, 1967ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು.

ಸಂವಿಧಾನಕ್ಕೆ ವಿರುದ್ಧವಾದ ಕಾನೂನನ್ನು ಕೋರ್ಟು ರದ್ದು ಮಾಡಬಹುದು ಅಂತ ಅಮೆರಿಕದ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ 1803ರಲ್ಲೇ ತೀರ್ಪು ಕೊಟ್ಟಿದ್ದರು. ಆದರೆ ಸಂವಿಧಾನವನ್ನೇ ತಿದ್ದಿದರೆ? ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಮಠದ ಜಮೀನಿನ ಸಲುವಾಗಿ ಹಾಕಿದ ಕೇಸಿನಲ್ಲಿ ಈ ಪ್ರಶ್ನೆ ಬಂತು. 13 ನ್ಯಾಯಮೂರ್ತಿಗಳು ಕೂತು ವಿಚಾರಣೆ ಮಾಡಿದರು. 1973ರ ಏಪ್ರಿಲ್ 24ರಂದು ತೀರ್ಪು ಬಂತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ರಚನೆಯನ್ನು ಕೆಡಿಸುವಂತಿಲ್ಲ ಅಂತ 7 ಮಂದಿ ಹೇಳಿದರು. 6 ಮಂದಿ ಒಪ್ಪಲಿಲ್ಲ. ಆ 7 ಮಂದಿಯಲ್ಲಿ ಹೆಗ್ಡೆಯವರೂ ಇದ್ದರು. ಅಂದ್ರೆ ಒಬ್ಬರು ಆ ಕಡೆ ಹೋಗಿದ್ರೂ ಫಲ ಬೇರೆಯಾಗ್ತಿತ್ತು!

ಇದಾದ ಕೂಡಲೇ ಸರ್ಕಾರವು ಹೆಗ್ಡೆ, ಶೆಲಟ್, ಗ್ರೋವರ್ ಮೂವರನ್ನೂ ಬಿಟ್ಟು, ಅವರಿಗಿಂತ ಕಿರಿಯರಾದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ರೇ ಅವರು ಆ 6 ಮಂದಿಯಲ್ಲಿದ್ದವರು. ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು.

ಹೆಗ್ಡೆಯವರು ಸುಮ್ಮನೆ ಕೂಡಲಿಲ್ಲ. 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದರು. 1990ರಲ್ಲಿ ನಿಧನರಾದರು. ಅವರ ಕುರ್ಚಿ ಹೋಯಿತು, ತೀರ್ಪು ಮಾತ್ರ ಇವತ್ತಿಗೂ ಉಳಿದದೆ.